ಊರಿಂದ ಬಂದವರನ್ನು ಪೋವಿಸ್ ಕೋಟೆಗೆ ಕರೆದುಕೊಂಡು ಹೋಗುವುದು ಹೇಗೆ

ಬೇಸಿಗೆ ಬಂದರೆ ಸಾಕು, ಇಲ್ಲಿರುವ ನಮ್ಮವರ ಮನೆಗಳಿಗೆಲ್ಲ ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುತ್ತಾರೆ. ಲಂಡನ್ ಸುತ್ತಿಸಿ ಆಯಿತು. ಟಿವಿಡೇಲ್ ಬಾಲಾಜಿ ಗುಡಿಯೂ ಆಯಿತು. ಆಮೇಲೆ ಎಲ್ಲಿಗೆ? ನಾನು ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಇರುವವಳು. ಯಾರು ಕೇಳಿದರೂ ವೇಲ್ಸ್‌ನ ಪೋವಿಸ್ ಕೋಟೆಗೆ ಹೋಗಿ ಅಂತಲೇ ಹೇಳುತ್ತೇನೆ. ಹೆಸರಿಗೆ ಕೋಟೆ. ಒಳಗೆ ಹೋದರೆ ಅದು ಶ್ರೀಮಂತ ಮನೆತನವೊಂದು ಮುನ್ನೂರು ನಾನೂರು ವರ್ಷ ಬಾಳಿದ ದೊಡ್ಡ ಬಂಗಲೆ. ಹೊರಗೆ ಬೆಟ್ಟದ ಮೈಯನ್ನೇ ಕೊರೆದು ಮಾಡಿದ ತೋಟ. ಇವೆರಡರ ಜೊತೆಗೆ ಶ್ರೀರಂಗಪಟ್ಟಣದಿಂದ ಬಂದ ಕೆಲವು ವಸ್ತುಗಳೂ ಅಲ್ಲಿವೆ. ನಾನು ಶ್ರೀರಂಗಪಟ್ಟಣದ ಗಂಜಾಂನಲ್ಲಿ ಬೆಳೆದವಳು, ಹಾಗಾಗಿ ಆ ಭಾಗದ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಮೊದಲನೇ ನಿಯಮ: ಆ ದಿನಕ್ಕೆ ಇನ್ನೊಂದು ಜಾಗ ಸೇರಿಸಬೇಡಿ. ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶೃಂಗೇರಿ ಎಲ್ಲ ಒಂದೇ ಗಾಡಿಯಲ್ಲಿ ಮುಗಿಸಿ ರೂಢಿಯಾದವರು ನಾವು. ಇಲ್ಲೂ ಹಾಗೇ ಮಾಡೋಣ ಅನ್ನಿಸುತ್ತದೆ. 'ದಾರಿಯಲ್ಲೇ ಇದೆಯಲ್ಲ, ಶ್ರೂಸ್‌ಬರಿಯಲ್ಲೂ ಒಂದು ಗಂಟೆ ಇಳಿಯೋಣ' ಅಂತ ಮನೆಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಒಪ್ಪಬೇಡಿ. ಪೋವಿಸ್‌ನಲ್ಲಿ ಬೆಳಗ್ಗೆ ತೋಟ, ನಡುವೆ ಊಟ, ಮಧ್ಯಾಹ್ನ ಮನೆಯ ಒಳಗು, ಸಂಜೆ ಟೀ. ಒಂದು ದಿನ ಇಷ್ಟಕ್ಕೇ ಸರಿಹೋಗುತ್ತದೆ.

ಯಾವಾಗ ಹೋಗಬೇಕು? ಹೂವು ನೋಡುವ ಆಸೆ ಇದ್ದರೆ ಜುಲೈಯಿಂದ ಸೆಪ್ಟೆಂಬರ್. ಮೇ ತಿಂಗಳಲ್ಲಿ ಎದುರು ದಿಬ್ಬದ ರೊಡೊಡೆಂಡ್ರಾನ್ ಹೂಗಳು ಚೆನ್ನ. ನನ್ನನ್ನು ಕೇಳಿದರೆ ಅಕ್ಟೋಬರ್. ಮೇಪಲ್ ಎಲೆಗಳು ಕೆಂಪಾಗುತ್ತವೆ, ಜನ ಕಡಿಮೆ. ಆದರೆ ಅಷ್ಟು ಹೊತ್ತಿಗೆ ಊರಿನವರು 'ಚಳಿ ಚಳಿ' ಅಂತ ವಾಪಸ್ ವಿಮಾನ ಹತ್ತಿರುತ್ತಾರೆ. ಹಾಗಾಗಿ ಆಗಸ್ಟ್ ಕೊನೆಯ ವಾರದ ದಿನ ಹುಡುಕಿ. ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿ ಇಲ್ಲದಿದ್ದರೆ ಸೆಪ್ಟೆಂಬರ್ ಇನ್ನೂ ಒಳ್ಳೆಯದು. ಶನಿವಾರ ಭಾನುವಾರ ಬೇಡ.

ಹೊರಡುವ ಹಿಂದಿನ ದಿನ, ಈಗ ಕೋಟೆಯನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವೆಬ್‌ಸೈಟ್ ನೋಡಲೇಬೇಕು. ತೋಟ ತೆರೆಯುವ ಹೊತ್ತು ಬೇರೆ, ಮನೆಯ ಒಳಗೆ ಬಿಡುವ ಹೊತ್ತು ಬೇರೆ. ಹಳೆಯ ಬಟ್ಟೆ, ಮರ, ಬಣ್ಣಗಳ ದುರಸ್ತಿಗೆ ಅಂತ ಕೆಲವು ಕೋಣೆಗಳನ್ನು ಆಗಾಗ ಮುಚ್ಚುತ್ತಾರೆ. ಮುಖ್ಯವಾಗಿ ಶ್ರೀರಂಗಪಟ್ಟಣದ ವಸ್ತುಗಳಿರುವ ಕ್ಲೈವ್ ಮ್ಯೂಸಿಯಂ ಆ ದಿನ ತೆರೆದಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ವರ್ಷಕ್ಕೆ ಇಂಥ ಮೂರು ನಾಲ್ಕು ಜಾಗ ನೋಡುವವರು ಟ್ರಸ್ಟ್‌ನ ಸದಸ್ಯತ್ವ ತೆಗೆದುಕೊಳ್ಳುವುದೇ ಲಾಭ. ಆ ಕಾರ್ಡ್ ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಮೂರೂ ಕಡೆ ನಡೆಯುತ್ತದೆ. ಸ್ಕಾಟ್ಲೆಂಡಿನ ಟ್ರಸ್ಟ್ ಬೇರೆ ಸಂಸ್ಥೆ.

ಹೋಗುವ ದಾರಿ. ಕಾರಿನಲ್ಲಾದರೆ ಶ್ರೂಸ್‌ಬರಿ ದಾಟಿ ವೆಲ್ಶ್‌ಪೂಲ್ ಊರಿಗೆ ಬನ್ನಿ, ಅಲ್ಲಿಂದ ಫಲಕಗಳು ಕರೆದುಕೊಂಡು ಹೋಗುತ್ತವೆ. ಮಂಡಿನೋವಿನವರು ಜೊತೆಗಿದ್ದರೆ ಕಾರೇ ಸರಿ. ನನಗೆ ಮಾತ್ರ ರೈಲೇ ಇಷ್ಟ. ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟ್‌ನಿಂದ ಅಬೆರಿಸ್ಟ್‌ವಿತ್ ಕಡೆಗೆ ಹೋಗುವ ರೈಲು ಹತ್ತಿದರೆ ನೇರ ವೆಲ್ಶ್‌ಪೂಲ್, ಸುಮಾರು ಒಂದೂವರೆ ಗಂಟೆ. ಈ ರೈಲು ಮುಂದೆ ಎಲ್ಲೋ ಎರಡು ಭಾಗವಾಗಿ ಒಂದು ಅಬೆರಿಸ್ಟ್‌ವಿತ್‌ಗೆ, ಇನ್ನೊಂದು ಪುಲ್‌ಹೆಲಿಗೆ ಹೋಗುತ್ತದೆ. ಬೋಗಿಯಲ್ಲಿ ಅದನ್ನೇ ಕೂಗಿ ಕೂಗಿ ಹೇಳುತ್ತಾರೆ. ವೆಲ್ಶ್‌ಪೂಲ್ ಅದಕ್ಕಿಂತ ಮುಂಚೆಯೇ ಬರುವುದರಿಂದ ನೀವು ಯಾವ ಬೋಗಿಯಲ್ಲಿ ಕೂತರೂ ನಡೆಯುತ್ತದೆ. ಇನ್ನೊಂದು ವಿಷಯ. ಶ್ರೂಸ್‌ಬರಿ ನಿಲ್ದಾಣದಲ್ಲಿ ಡ್ರೈವರ್ ಈ ತುದಿಯಿಂದ ಆ ತುದಿಗೆ ಹೋಗುತ್ತಾನೆ, ರೈಲು ಬಂದ ದಿಕ್ಕಿಗೇ ಹಿಂದಕ್ಕೆ ಹೊರಡುತ್ತದೆ. 'ಅಯ್ಯೋ, ವಾಪಸ್ ಹೋಗ್ತಿದೆ ಕಣೇ' ಅಂತ ನಮ್ಮತ್ತೆ ಬ್ಯಾಗ್ ಹಿಡಿದು ಎದ್ದೇಬಿಟ್ಟಿದ್ದರು. ದೊಡ್ಡವರಿಗೆ ಮೊದಲೇ ಹೇಳಿಡಿ.

ನಿಲ್ದಾಣದಿಂದ ಕೋಟೆಗೆ ನಡೆದೇ ಹೋಗಬಹುದು. ಊರೊಳಗೆ ಬ್ರಾಡ್ ಸ್ಟ್ರೀಟ್ ತನಕ ಬಂದು ಪಾರ್ಕ್ ಲೇನ್‌ಗೆ ತಿರುಗಿದರೆ ಕೋಟೆಯ ಕಾಡುಬಯಲಿನ ಗೇಟು. ಅಲ್ಲಿಂದ ಹಳೆಯ ಓಕ್ ಮರಗಳ ನಡುವೆ ನಿಧಾನವಾಗಿ ಏರುವ ದಾರಿ. ಅದೃಷ್ಟ ಇದ್ದರೆ ಜಿಂಕೆ ಕಾಣುತ್ತವೆ. ಒಟ್ಟು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ, ಅವಸರ ಬೇಡ. ನಡೆಯಲಾಗದವರು ಇದ್ದರೆ ಟ್ಯಾಕ್ಸಿಯನ್ನು ಹಿಂದಿನ ದಿನವೇ ಫೋನ್ ಮಾಡಿ ಹೇಳಿರಬೇಕು. ಸಣ್ಣ ಊರು, ನಿಲ್ದಾಣದ ಮುಂದೆ ಟ್ಯಾಕ್ಸಿ ಸಾಲಾಗಿ ಕಾಯುತ್ತಿರುತ್ತದೆ ಅಂದುಕೊಳ್ಳಬೇಡಿ.

ಬಟ್ಟೆಬರೆ. ಅಮ್ಮ ಸೀರೆಯೇ ಉಡುತ್ತೇನೆ ಅಂದರೆ ಉಡಲಿ. ಆದರೆ ಸ್ವಲ್ಪ ಮೇಲೆತ್ತಿ ಉಡಬೇಕು, ಕಾಲಿಗೆ ಚಪ್ಪಲಿ ಬಿಟ್ಟು ಶೂ ಹಾಕಬೇಕು. ದಾರಿಯೆಲ್ಲ ಜಲ್ಲಿಕಲ್ಲು, ಕಲ್ಲು ಮೆಟ್ಟಿಲು, ಇಳಿಜಾರು. ಮಳೆ ಬಂದರೆ ಜಾರುತ್ತದೆ. ಕೊಡೆಗಿಂತ ತಲೆಮುಸುಕಿನ ಜಾಕೆಟ್ ವಾಸಿ, ಯಾಕೆಂದರೆ ಆ ದಿಬ್ಬದ ಮೇಲೆ ಗಾಳಿ ಜೋರು. ಬೆನ್ನಿಗೆ ದೊಡ್ಡ ಚೀಲ ಬೇಡ. ಮನೆಯ ಒಳಗೆ ಹೋಗುವಾಗ ಅದನ್ನು ಮುಂದಕ್ಕೆ ಹಾಕಿಕೊಳ್ಳಿ ಅಂತಲೋ ಬಿಟ್ಟು ಹೋಗಿ ಅಂತಲೋ ಹೇಳುತ್ತಾರೆ.

ಅಂಗಳಕ್ಕೆ ಬಂದ ಕೂಡಲೇ ನವಿಲುಗಳು ಎದುರಾಗುತ್ತವೆ. ಮನುಷ್ಯರ ಭಯವೇ ಇಲ್ಲದ ನವಿಲು. ನಮ್ಮಪ್ಪ ಅವನ್ನೇ ನೋಡುತ್ತಾ ನಿಂತುಬಿಟ್ಟರು. 'ರಾಗಿ ಹೊಲಕ್ಕೆ ಬಂದ್ರೆ ಓಡಿಸ್ತೀವಿ, ಇಲ್ಲಿ ಟಿಕೆಟ್ ತಗೊಂಡು ನೋಡಬೇಕಲ್ಲವ್ವಾ' ಅಂದರು. ನಿಲ್ಲಲಿ ಬಿಡಿ. ಶೌಚಾಲಯಕ್ಕೆ ಹೋಗುವವರು ಇಲ್ಲೇ ಹೋಗಿಬರಲಿ. ತೋಟಕ್ಕೆ ಇಳಿದ ಮೇಲೆ ನೆನಪಾದರೆ ಮತ್ತೆ ಹತ್ತಬೇಕು.

ಬಹಳ ಜನ ಬಂದವರೇ ಕೋಟೆಯೊಳಗೆ ನುಗ್ಗುತ್ತಾರೆ. ನೀವು ತೋಟಕ್ಕೆ ಹೋಗಿ. ಬೆಳಗಿನ ಬಿಸಿಲು, ಕಾಲಿನಲ್ಲಿ ಕಸುವು ಇರುವಾಗಲೇ ಇದನ್ನು ಮುಗಿಸಬೇಕು. ಮೇಲಿನ ಹಂತಕ್ಕೆ ಬಂದು ಕೈಕಟ್ಟೆಯ ಹತ್ತಿರ ನಿಂತರೆ ಕೆಳಗೆ ಒಂದರ ಕೆಳಗೊಂದು ಉದ್ದನೆಯ ಹಂತಗಳು. ಅದರಾಚೆ ಹುಲ್ಲು ಹಾಸು, ಇನ್ನೂ ಆಚೆ ಸೆವರ್ನ್ ನದಿಯ ಕಣಿವೆ, ಕೊನೆಗೆ ಬ್ರೈಡನ್ ಬೆಟ್ಟಗಳು. ಈ ಹಂತಗಳನ್ನು ಬಂಡೆ ಕಡಿದು ಮಾಡಿದ್ದು 17ನೇ ಶತಮಾನದ ಕೊನೆಗೆ, ಇಟಲಿ ಮತ್ತು ಫ್ರಾನ್ಸಿನ ತೋಟಗಳ ಮಾದರಿಯಲ್ಲಿ. ಆ ಕಾಲದಲ್ಲಿ ಇಂಗ್ಲೆಂಡಿನಲ್ಲೂ ಇಂಥವು ಬೇಕಾದಷ್ಟಿದ್ದವು. ಮುಂದಿನ ಶತಮಾನದಲ್ಲಿ ಫ್ಯಾಷನ್ ಬದಲಾಯಿತು. ಗೆರೆ ಎಳೆದಂಥ ತೋಟ ಬೇಡ, ಸಹಜವಾಗಿ ಬೆಳೆದ ಕಾಡಿನ ಹಾಗೆ ಕಾಣಬೇಕು ಅಂತ ಎಲ್ಲರೂ ಹಳೆಯದನ್ನು ಕಿತ್ತುಹಾಕಿದರು. ಪೋವಿಸ್‌ನ ಹಂತಗಳು ಉಳಿದವು. ಮನೆತನದ ಕೈಯಲ್ಲಿ ಆಗ ದುಡ್ಡಿರಲಿಲ್ಲ, ಇದ್ದುದನ್ನು ಹಾಗೇ ಬಿಟ್ಟರು. ಬಡತನ ಕಾಪಾಡಿದ ತೋಟ ಇದು.

ಯೂ ಮರಗಳನ್ನು ನೋಡದೆ ಮುಂದೆ ಹೋಗಬೇಡಿ. ಮೇಲಿನ ಗೋಡೆಯಿಂದ ದೋಸೆ ಹಿಟ್ಟು ಉಕ್ಕಿ ಪಾತ್ರೆಯಿಂದಾಚೆ ಸುರಿದ ಹಾಗೆ ಕಾಣುವ ಆ ಕಡು ಹಸಿರು ಗುಡ್ಡೆಗಳೆಲ್ಲ ಮರಗಳೇ. ಮುನ್ನೂರು ವರ್ಷಕ್ಕೂ ಹಳೆಯವು. ನೆಟ್ಟಾಗ ಚೂಪಾದ ಪುಟ್ಟ ಗೋಪುರಗಳ ಹಾಗೆ ಕತ್ತರಿಸಿ ಇಟ್ಟಿದ್ದರಂತೆ. ನಡುವೆ ಕತ್ತರಿ ಹಾಕುವವರಿಲ್ಲದೆ ಬೇಕಾದ ಹಾಗೆ ಬೆಳೆದವು, ಆಮೇಲೆ ಆ ಬೇಕಾಬಿಟ್ಟಿ ಆಕಾರವನ್ನೇ ಉಳಿಸಿಕೊಂಡು ಕತ್ತರಿಸುತ್ತಾ ಬಂದರು. ಬೇಸಿಗೆಯ ಕೊನೆಗೆ ಹೋದರೆ ಮಾಲಿಗಳು ಎತ್ತುವ ಯಂತ್ರದ ಬುಟ್ಟಿಯಲ್ಲಿ ನಿಂತು ಕತ್ತರಿಸುವುದನ್ನು ನೋಡಬಹುದು. ಈ ಕೆಲಸ ವಾರಗಟ್ಟಲೆ ನಡೆಯುತ್ತದೆ. ಮಕ್ಕಳಿದ್ದರೆ ಒಂದು ಎಚ್ಚರಿಕೆ: ಯೂ ಮರದ ಕೆಂಪು ಹಣ್ಣು ನೋಡಲು ಚೆಂದ, ಒಳಗಿನ ಬೀಜ ವಿಷ. ಎಲೆಯೂ ವಿಷವೇ. ಕೈ ಹಾಕದಂತೆ ನೋಡಿಕೊಳ್ಳಿ.

ಎರಡನೇ ಹಂತದ ಕೈಕಟ್ಟೆಯ ಮೇಲೆ ಸೀಸದ ಗೊಂಬೆಗಳಿವೆ, ಕುರಿ ಕಾಯುವ ಹುಡುಗ ಹುಡುಗಿಯರು. ಅದರ ಕೆಳಗೆ ಆರೆಂಜರಿ, ಅಂದರೆ ಕಿತ್ತಳೆ ನಿಂಬೆ ಗಿಡಗಳನ್ನು ಚಳಿಗಾಲದಲ್ಲಿ ಒಳಗಿಟ್ಟು ಕಾಪಾಡಲು ಕಟ್ಟಿದ ಕೋಣೆ. ನಮ್ಮ ಹಿತ್ತಲಲ್ಲಿ ಕೇಳುವವರಿಲ್ಲದೆ ಉದುರುವ ನಿಂಬೆಗೆ ಇಲ್ಲಿ ಇಂಥ ಉಪಚಾರ! ಈ ಗೋಡೆಗಳು ಬಿಸಿಲು ಹೀರಿಕೊಂಡು ಬೆಚ್ಚಗಿರುತ್ತವೆ, ಅದಕ್ಕೇ ವೇಲ್ಸ್‌ನ ಚಳಿ ತಡೆಯದ ಗಿಡಗಳೂ ಇಲ್ಲಿ ಬದುಕುತ್ತವೆ. ವಯಸ್ಸಾದವರನ್ನು ಈ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರಿಸಿ.

ಇಲ್ಲಿ ಒಂದು ತೀರ್ಮಾನ ಮಾಡಬೇಕು. ಇನ್ನೂ ಕೆಳಗೆ ಇಳಿದರೆ ಅಷ್ಟೂ ಮತ್ತೆ ಹತ್ತಬೇಕು. ಮಂಡಿ, ಎದೆ, ಉಸಿರಿನ ತೊಂದರೆ ಇರುವವರು ಮೇಲೆಯೇ ಇರಲಿ, ಅವರಿಗೇನೂ ಕಡಿಮೆಯಾಗುವುದಿಲ್ಲ. ಗಟ್ಟಿಮುಟ್ಟಾದವರು ಇಳಿದು ಗ್ರೇಟ್ ಲಾನ್ ದಾಟಿ ಎದುರು ದಿಬ್ಬಕ್ಕೆ ಹತ್ತಿ. ಆ ಕಾಡಿನಂಥ ಭಾಗಕ್ಕೆ ವೈಲ್ಡರ್‌ನೆಸ್ ಅಂತ ಹೆಸರು. ಅಲ್ಲಿಂದ ಹಿಂದಿರುಗಿ ನೋಡಿದಾಗಲೇ ಇಡೀ ಕೋಟೆ ಕಾಣುವುದು: ಕೆಂಪು ಕಲ್ಲಿನ ಗೋಡೆ, ಕೆಳಗೆ ಯೂ ಗುಡ್ಡೆಗಳು, ಅದರ ಕೆಳಗೆ ಹೂವಿನ ಸಾಲು. ಫೋಟೊ ತೆಗೆಯುವುದಾದರೆ ಇಲ್ಲೇ. ಗ್ರೇಟ್ ಲಾನ್ ಇರುವ ಜಾಗದಲ್ಲಿ ಹಿಂದೆ ಕೊಳ, ಕಾರಂಜಿಗಳ ನೀರಿನ ತೋಟ ಇತ್ತು. 19ನೇ ಶತಮಾನದ ಶುರುವಿಗೆ ಅದನ್ನು ತೆಗೆದು ಹುಲ್ಲು ಬೆಳೆಸಿದರು. ಅಪ್ಪ ಅದರ ನಡುವೆ ನಿಂತು 'ಇಷ್ಟೊಂದು ಹುಲ್ಲು, ಒಂದು ಹಸೂನೂ ಇಲ್ವಲ್ಲ' ಅಂದಿದ್ದು ನಮ್ಮನೆಯಲ್ಲಿ ಈಗ ಗಾದೆಯಾಗಿದೆ.

ಪೂರ್ವದ ಮೂಲೆಯಲ್ಲಿ ಹಳೇ ಸೇಬಿನ ಮರಗಳ ಒಂದು ಅಚ್ಚುಕಟ್ಟು ತೋಟ ಇದೆ. ಅದು ಮೊದಲು ತರಕಾರಿ ತೋಟವಾಗಿತ್ತು. 1911ರಲ್ಲಿ ಆಗಿನ ಒಡೆಯ ನಾಲ್ಕನೇ ಅರ್ಲ್‌ನ (ಅರ್ಲ್ ಅಂದರೆ ಇಲ್ಲಿನ ಶ್ರೀಮಂತರ ಒಂದು ಪದವಿ) ಹೆಂಡತಿ ವಯಲೆಟ್ ತೋಟದ ಉಸ್ತುವಾರಿಯನ್ನು ತನ್ನ ಕೈಗೆ ತೆಗೆದುಕೊಂಡು ಇದನ್ನು ಹೂವಿನ ತೋಟ ಮಾಡಿದಳು. ಆಕೆಯ ದೊಡ್ಡ ಮಗ 1916ರಲ್ಲಿ, ಮೊದಲನೇ ಮಹಾಯುದ್ಧದ ಸೊಮ್ ಕದನದಲ್ಲಿ ಗಾಯಗೊಂಡು ಸತ್ತ. ಇನ್ನೊಬ್ಬ ಮಗ 1943ರಲ್ಲಿ ವಿಮಾನ ಅಪಘಾತದಲ್ಲಿ ಹೋದ, ಅಷ್ಟು ಹೊತ್ತಿಗೆ ಆಕೆಯೂ ಇರಲಿಲ್ಲ. ಮಕ್ಕಳನ್ನು ಕಳೆದುಕೊಂಡ ಅರ್ಲ್ 1952ರಲ್ಲಿ ತೀರಿಕೊಂಡಾಗ ಕೋಟೆಯನ್ನು ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದ. ನಾವು ಇವತ್ತು ಟಿಕೆಟ್ ಕೊಟ್ಟು ಒಳಗೆ ಹೋಗುವುದು ಹಾಗೆ.

ಊಟಕ್ಕೆ ಬುತ್ತಿ ಕಟ್ಟಿಕೊಂಡೇ ಹೋಗಿ. ಪುಳಿಯೋಗರೆ, ಮೊಸರನ್ನ, ಒಂದಿಷ್ಟು ಮದ್ದೂರು ವಡೆ. ಬಿಸಿಬೇಳೆಬಾತ್ ಬೇಡ, ತಣ್ಣಗಾದರೆ ಗಟ್ಟಿಯಾಗಿ ಚಮಚಕ್ಕೂ ಬರುವುದಿಲ್ಲ. ಎಲ್ಲಿ ಕೂತು ತಿನ್ನಬಹುದು ಅಂತ ಟಿಕೆಟ್ ಕೊಡುವಲ್ಲೇ ಕೇಳಿಕೊಳ್ಳಿ. ನವಿಲು ಹತ್ತಿರ ಬಂದರೆ ಅನ್ನ ಹಾಕಬೇಡಿ. ಒಮ್ಮೆ ಹಾಕಿದರೆ ಊಟ ಮುಗಿಯುವ ತನಕ ಬಿಡುವುದಿಲ್ಲ.

ಈಗ ಮನೆ. ಕೋಟೆಯನ್ನು 13ನೇ ಶತಮಾನದಲ್ಲಿ ಕಟ್ಟಿಸಿದ್ದು ವೇಲ್ಸ್‌ನ ಒಬ್ಬ ರಾಜ. 1587ರಲ್ಲಿ ಹರ್ಬರ್ಟ್ ಮನೆತನ ಕೊಂಡುಕೊಂಡಿತು. ಒಳಗೆ ಬೆಳಕು ಬಹಳ ಕಡಿಮೆ. ಹಳೆಯ ಬಟ್ಟೆಗಳ ಬಣ್ಣ ಹೋಗಬಾರದು ಅಂತ ಪರದೆ ಎಳೆದಿರುತ್ತಾರೆ. ಬಿಸಿಲಿನಿಂದ ಬಂದವರಿಗೆ ಏನೂ ಕಾಣುವುದಿಲ್ಲ, ಮೊದಲ ಕೋಣೆಯಲ್ಲಿ ಎರಡು ನಿಮಿಷ ಸುಮ್ನೆ ನಿಲ್ಲಿ. ಕೋಣೆಕೋಣೆಯಲ್ಲೂ ಒಬ್ಬ ಸ್ವಯಂಸೇವಕರು ಇರುತ್ತಾರೆ, ಹೆಚ್ಚಿನವರು ನಿವೃತ್ತರು. ಅವರಿಗೆ ಮಾತು ಬೇಕು. ಫಲಕ ಓದುವುದಕ್ಕಿಂತ ಅವರನ್ನು ಕೇಳುವುದು ಒಳ್ಳೆಯದು. 'ನಿಮಗೆ ಈ ಕೋಣೆಯಲ್ಲಿ ಯಾವುದು ಇಷ್ಟ?' ಅಂತ ಒಂದು ಪ್ರಶ್ನೆ ಹಾಕಿ ನೋಡಿ.

ಎಲ್ಲ ಕೋಣೆಗೂ ಒಂದೇ ಸಮ ಹೊತ್ತು ಕೊಡಬೇಕಾಗಿಲ್ಲ. ಸ್ಟೇಟ್ ಬೆಡ್‌ರೂಮ್‌ನಲ್ಲಿ ಮಂಚದ ಮುಂದೆ ಅಡ್ಡ ಕಟಾಂಜನ ಇದೆ, ಫ್ರಾನ್ಸಿನ ರಾಜರ ಮಲಗುವ ಮನೆಯ ಕ್ರಮ. ನೋಡಿ, ಮುಂದೆ ನಡೆಯಿರಿ. ಹೊತ್ತು ಕೊಡಬೇಕಾದ್ದು ಲಾಂಗ್ ಗ್ಯಾಲರಿಗೆ. 1590ರ ದಶಕದ ಉದ್ದನೆಯ ಪಡಸಾಲೆ. ನೆಲದ ಹಲಗೆಗಳು ಏರುಪೇರಾಗಿ ನಡೆಯುವಾಗ ಕಿರ್ ಅನ್ನುತ್ತವೆ. ಮಳೆಯ ದಿನ ಮನೆಯವರು ಹೊರಗೆ ಹೋಗಲಾಗದೆ ಇಂಥ ಪಡಸಾಲೆಗಳಲ್ಲೇ ಅಡ್ಡಾಡುತ್ತಿದ್ದರು. ಅಲ್ಲಿ ಹಾವು ಹಿಡಿದ ಅಮೃತಶಿಲೆಯ ಬೆಕ್ಕು ಒಂದಿದೆ, ರೋಮನ್ ಕಾಲದ್ದು. ಮಕ್ಕಳಿಗೆ ಮೊದಲು ಅದನ್ನು ಹುಡುಕುವ ಕೆಲಸ ಕೊಡಿ. ಓಕ್ ಡ್ರಾಯಿಂಗ್ ರೂಮ್‌ನಲ್ಲಿ ಇಟಲಿಯ ಚಿತ್ರಕಾರ ಬೆಲ್ಲೊಟ್ಟೊ ಬರೆದ ವೆರೋನಾ ಊರಿನ ದೊಡ್ಡ ಚಿತ್ರ ಇದೆ. ನದಿ ದಂಡೆಯ ಮನೆಗಳ ಕಿಟಕಿಗಳನ್ನೂ ಎಣಿಸಬಹುದು.

ಕ್ಲೈವ್ ಮ್ಯೂಸಿಯಂಗೆ ಹೋಗುವ ಮುಂಚೆ ಜೊತೆಯವರಿಗೆ ಸ್ವಲ್ಪ ಹಿನ್ನೆಲೆ ಹೇಳಿ, ಇಲ್ಲದಿದ್ದರೆ ಎಲ್ಲರೂ ಇಬ್ಬರು ಕ್ಲೈವ್‌ಗಳನ್ನು ಒಬ್ಬನೇ ಅಂದುಕೊಳ್ಳುತ್ತಾರೆ. ಪ್ಲಾಸಿ ಕದನದ ರಾಬರ್ಟ್ ಕ್ಲೈವ್ ಸತ್ತದ್ದು 1774ರಲ್ಲಿ, ಟಿಪ್ಪು ಪಟ್ಟಕ್ಕೆ ಬರುವ ಮುಂಚೆಯೇ. ಅವನ ಮಗ ಎಡ್ವರ್ಡ್ ಕ್ಲೈವ್ ಈ ಪೋವಿಸ್ ಮನೆಯ ಹೆಣ್ಣುಮಗಳು ಹೆನ್ರಿಯೆಟಾ ಹರ್ಬರ್ಟ್‌ಳನ್ನು 1784ರಲ್ಲಿ ಮದುವೆಯಾದ. ಆತ ಮದ್ರಾಸಿನ ಗವರ್ನರ್ ಆಗಿದ್ದಾಗಲೇ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದದ್ದು. ಮಾರನೇ ವರ್ಷ ಹೆನ್ರಿಯೆಟಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲ ಸುತ್ತಿದಳು. ಚಿಕ್ಕ ಮಗಳು ಶಾರ್ಲೆಟ್ ದಾರಿಯುದ್ದಕ್ಕೂ ದಿನಚರಿ ಬರೆದಳು. ಮುಂದೆ ರಾಣಿಯಾದ ವಿಕ್ಟೋರಿಯಾಗೆ ಬಾಲ್ಯದಲ್ಲಿ ಶಿಕ್ಷಣದ ಮೇಲ್ವಿಚಾರಕಿಯಾಗಿದ್ದವಳು ಇವಳೇ. ಹೆನ್ರಿಯೆಟಾಳ ಅಣ್ಣನಿಗೆ ಮಕ್ಕಳಿರಲಿಲ್ಲ. ಹಾಗಾಗಿ ಪೋವಿಸ್ ಕೋಟೆ ಅವಳ ಮಗನಿಗೆ ಬಂತು, ಆತ 1807ರಲ್ಲಿ ಕ್ಲೈವ್ ಹೆಸರು ಬಿಟ್ಟು ಹರ್ಬರ್ಟ್ ಆದ. ಕೋಟೆ ದುರಸ್ತಿಯಾದದ್ದು ಕ್ಲೈವ್ ದುಡ್ಡಿನಿಂದ. ಬೆಳಗ್ಗೆ ನೋಡಿದ ತೋಟಕ್ಕೂ ಈ ಕೋಣೆಗೂ ಇರುವ ನಂಟು ಇದು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಅರ್ಧಂಬರ್ಧ.

ಮ್ಯೂಸಿಯಂನಲ್ಲಿ ನೂರಾರು ವಸ್ತುಗಳಿವೆ: ಕತ್ತಿ, ಹುಕ್ಕಾ, ದಂತದ ಕೆತ್ತನೆ, ಸಿರಾಜುದ್ದೌಲ ಪ್ಲಾಸಿಯಲ್ಲಿ ಬಿಟ್ಟುಹೋದದ್ದು ಅಂತ ಹೇಳುವ ಪಲ್ಲಕ್ಕಿ. ನೀವು ಎರಡರ ಮುಂದೆ ನಿಂತರೆ ಸಾಕು. ಒಂದು, ಟಿಪ್ಪುವಿನ ಡೇರೆ. ಹೂದಾನಿ, ಬಳ್ಳಿ ಬರೆದ ಹತ್ತಿಬಟ್ಟೆ. ಕೆಂಪು, ಹಸಿರು ಇನ್ನೂ ಉಳಿದಿದೆ. ಯುದ್ಧಭೂಮಿಯ ಡೇರೆ ಅಂದರೆ ಗೋಣಿ ಬಣ್ಣದ್ದು ಅಂದುಕೊಂಡವರಿಗೆ ಇದು ಆಶ್ಚರ್ಯ, ಒಳಗೆ ನಿಂತರೆ ಹೂದೋಟದಲ್ಲೇ ನಿಂತಂತೆ ಇರಬೇಕು ಅಂತ ಮಾಡಿದ್ದು. ಇದನ್ನು ಇಲ್ಲಿಯವರು ಮುಂದೆ ತಮ್ಮ ತೋಟದ ಪಾರ್ಟಿಗಳಿಗೆ ಚಪ್ಪರವಾಗಿ ಹಾಕಿಸುತ್ತಿದ್ದರಂತೆ. ಎರಡು, ಟಿಪ್ಪುವಿನ ಸಿಂಹಾಸನದ ಕಟಾಂಜನದ ಮೇಲಿದ್ದ ಚಿನ್ನದ ಪುಟ್ಟ ಹುಲಿತಲೆ, ಕಣ್ಣಿಗೆ ಹಲ್ಲಿಗೆಲ್ಲ ಹರಳು. ಸಿಂಹಾಸನವನ್ನು ಗೆದ್ದವರು ತುಂಡು ತುಂಡು ಮಾಡಿ ಹಂಚಿಕೊಂಡರು. ಮುಂಭಾಗದ ದೊಡ್ಡ ಹುಲಿತಲೆ ಇಲ್ಲಿನ ರಾಜಮನೆತನದ ಸಂಗ್ರಹಕ್ಕೆ ಹೋಯಿತು, ಈ ಚಿಕ್ಕದು ಇಲ್ಲಿಗೆ ಬಂತು.

ಇವುಗಳ ಮುಂದೆ ಏನನ್ನಿಸಬೇಕು ಅಂತ ನಾನು ಹೇಳುವುದಿಲ್ಲ. ಟಿಪ್ಪುವಿನ ಬಗ್ಗೆ ನಮ್ಮ ಮನೆಗಳಲ್ಲೇ ಎರಡು ಮೂರು ಅಭಿಪ್ರಾಯ ಇರುತ್ತವೆ, ಅಲ್ವಾ? ಜಗಳ ಆಡುವುದಿದ್ದರೆ ಟೀ ಅಂಗಡಿಯಲ್ಲಿ ಆಡಿ. ದರಿಯಾ ದೌಲತ್ ನೋಡಿದವರು ಮಾತ್ರ ಅಲ್ಲಿನ ಗೋಡೆಯ ಮೇಲಿನ ಹೂಬಳ್ಳಿಯನ್ನು ನೆನಪಿಸಿಕೊಂಡು ಡೇರೆಯ ಬಟ್ಟೆ ನೋಡಿ. ನಾನು ಶಾಲೆಯಿಂದ ಬರುವಾಗ ದಿನಾ ದಾಟುತ್ತಿದ್ದ ಕಟ್ಟಡ ಅದು. ಕೊಳ್ಳೆ ಅನ್ನುವ ಮಾತನ್ನು ಈಗ ಇಲ್ಲಿಯವರೂ ನುಂಗುವುದಿಲ್ಲ. ತನ್ನ ಮನೆಗಳಿಗೂ ವಸಾಹತು ಆಳ್ವಿಕೆಗೂ ಇರುವ ನಂಟಿನ ಬಗ್ಗೆ ಟ್ರಸ್ಟ್ 2020ರಲ್ಲಿ ಒಂದು ವರದಿಯನ್ನೇ ಹೊರತಂದಿತು. ಸ್ವಯಂಸೇವಕರಿಗೆ 'ನಾವು ಶ್ರೀರಂಗಪಟ್ಟಣದವರು' ಅಂತ ಹೇಳಿ ನೋಡಿ, ಮಾತು ಬೇರೆ ದಾರಿ ಹಿಡಿಯುತ್ತದೆ. ಅವರೇ ನಿಮ್ಮನ್ನು ಪ್ರಶ್ನೆ ಕೇಳಲು ಶುರುಮಾಡುತ್ತಾರೆ. ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬರದು, ನಾನು ನಡುವೆ ನಿಂತು ಆ ಕಡೆ ಈ ಕಡೆ ಹೇಳುತ್ತಿದ್ದೆ. ಜಲದ್ವಾರ ಎಲ್ಲಿದೆ, ಟಿಪ್ಪು ಬಿದ್ದ ಜಾಗ ಯಾವುದು ಅಂತ ಅಪ್ಪ ನೆಲದ ಮೇಲೆ ಬೆರಳಲ್ಲೇ ನಕ್ಷೆ ಬರೆದು ತೋರಿಸಿದರು.

ಆಮೇಲೆ ಟೀ. ಸ್ಕೋನ್ (ಇಲ್ಲಿಯ ಒಂದು ಬಗೆಯ ಬನ್ನು) ತಿನ್ನದೆ ಬರಬೇಡಿ. ಮೊಟ್ಟೆ ತಿನ್ನದವರು ಕೌಂಟರ್‌ನಲ್ಲಿ ವಿಚಾರಿಸಿ, ಎಲ್ಲದರ ಪಟ್ಟಿ ಅವರ ಹತ್ತಿರ ಇರುತ್ತದೆ. ಟೀ ನಮ್ಮವರಿಗೆ ನೀರಾಗಿ ಕಾಣುತ್ತದೆ, ಎರಡು ಪೊಟ್ಟಣ ಹಾಕಿಸಿಕೊಳ್ಳಿ.

ವಾಪಸ್ ರೈಲಿನ ಸಮಯವನ್ನು ಬೆಳಗ್ಗೆಯೇ ಬರೆದಿಟ್ಟುಕೊಂಡಿರಬೇಕು. ಈ ಮಾರ್ಗದಲ್ಲಿ ರೈಲು ಸುಮಾರು ಎರಡು ಗಂಟೆಗೆ ಒಂದು. ಒಂದು ತಪ್ಪಿದರೆ ನಿಲ್ದಾಣದಲ್ಲಿ ಕೂರಬೇಡಿ, ಅಲ್ಲಿ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಊರಿನ ನಡುವೆ ಮಾಂಟ್‌ಗೊಮರಿ ಕಾಲುವೆ ಹರಿಯುತ್ತದೆ. ಬ್ರಾಡ್ ಸ್ಟ್ರೀಟ್‌ನಲ್ಲಿ ಬಿಸಿ ಚಿಪ್ಸ್ ಕಟ್ಟಿಸಿಕೊಂಡು ಅದರ ದಂಡೆಯಲ್ಲಿ ಅಡ್ಡಾಡಿ. ಶ್ರೂಸ್‌ಬರಿ ತನಕ ಮುಟ್ಟಿಬಿಟ್ಟರೆ ಸಾಕು, ಅಲ್ಲಿಂದ ಬರ್ಮಿಂಗ್‌ಹ್ಯಾಮ್ ಕಡೆಗೆ ಬೇರೆ ರೈಲುಗಳೂ ಇವೆ.